ಅಕ್ಕನ ರೋಸಿನ ದಿನ ನಾನು ಕಾಯಿಸಿದ ಡ್ರಮ್ಮು

ನಾನು ಹತ್ತು ವರ್ಷದ ಹುಡುಗಿಯಾಗಿದ್ದಾಗ ನಮ್ಮ ಮನೆಯ ಕಿಟಕಿಯಲ್ಲಿ ಮರ ಕಾಣುತ್ತಿರಲಿಲ್ಲ. ಮರಳು ಕಾಣುತ್ತಿತ್ತು. ಮರಳಿನ ಮೇಲೆ ಉದ್ದಕ್ಕೆ ಪೈಪು, ದೂರದಲ್ಲಿ ಕಬ್ಬಿಣದ ಕಂಬದ ತುದಿಯಲ್ಲಿ ಗ್ಯಾಸಿನ ಬೆಂಕಿ. ಅದು ಹಗಲಿಡೀ ಉರಿಯುತ್ತಿತ್ತು, ಯಾರೂ ಆರಿಸುತ್ತಿರಲಿಲ್ಲ. ಊರಿನಲ್ಲಿ ಸುಮ್ಮನೆ ಒಂದು ಕಡ್ಡಿ ಗೀರಿದರೂ ಬೈಸಿಕೊಂಡವಳು ನಾನು. ಇಷ್ಟು ಬೆಂಕಿ ಅನ್ನ ಬೇಯಿಸದೆ ಉರಿಯುವುದನ್ನು ನೋಡಿ ಮೊದಲ ವಾರ ಸಂಕಟ ಆಯಿತು, ಆಮೇಲೆ ಅಭ್ಯಾಸ ಆಯಿತು. ಅದು ಕತಾರಿನ ದುಖಾನ್. ನೀವು ಮಕ್ಕಳು ರಜೆಯ ದಿನ ಕಾರಿನಲ್ಲಿ ಎಸಿ ಹಾಕಿಕೊಂಡು ಹೋಗಿ ಸಮುದ್ರ ನೋಡಿ ಬರುತ್ತೀರಲ್ಲ, ಅದೇ ಊರು. ಆದರೆ ಆಗ ದೋಹಾದಿಂದ ಅಲ್ಲಿಗೆ ಬಂದವರು ಮೊದಲು ಕೇಳುತ್ತಿದ್ದದ್ದು ನೀರು, ಆಮೇಲೆ ಸೊಂಟ ಚಾಚಲಿಕ್ಕೆ ಒಂದು ಚಾಪೆ.

ಅಪ್ಪ ಎಣ್ಣೆ ಕಂಪನಿಯ ವರ್ಕ್‌ಶಾಪಿನಲ್ಲಿ ಫಿಟ್ಟರ್. ಮೊದಲು ಅವರೊಬ್ಬರೇ ಬಂದಿದ್ದರು. ಕಂಪನಿಯವರು ಎರಡು ಕೋಣೆಯ ಕ್ವಾರ್ಟರ್ಸ್ ಕೊಟ್ಟ ಮೇಲೆ ಅಮ್ಮನನ್ನೂ ಅಕ್ಕನನ್ನೂ ನನ್ನನ್ನೂ ಉಡುಪಿ ಕಡೆಯ ನಮ್ಮ ಊರಿನಿಂದ ಕರೆಸಿಕೊಂಡರು. ನನ್ನ ಅಜ್ಜಿ, ಅಂದರೆ ಅಪ್ಪನ ಅಮ್ಮ, ಬರಲಿಲ್ಲ. "ನನಗೆ ಹಡಗೂ ಬೇಡ, ವಿಮಾನವೂ ಬೇಡ" ಎಂದು ಊರಿನಲ್ಲೇ ಉಳಿದರು. ನಾವು ಬಂದ ಎಂಟೇ ತಿಂಗಳಿಗೆ ತೀರಿಕೊಂಡರು. ತಂತಿ ಬರುವಾಗ ಮಣ್ಣು ಮಾಡಿ ಐದು ದಿನ ಆಗಿತ್ತು.

ನಾನು ಊರಿನಲ್ಲಿ ಮೂರನೇ ಕ್ಲಾಸು ಮುಗಿಸಿದ್ದೆ. ದುಖಾನಿನಲ್ಲಿ ನಮ್ಮ ಮಕ್ಕಳಿಗೆ ಶಾಲೆ ಇರಲಿಲ್ಲ. ಅಷ್ಟಕ್ಕೇ ನನ್ನ ಓದು ಖಲಾಸ್. ಅದಕ್ಕೆ ನಾನು ಅತ್ತಿರಬೇಕು ಎಂದು ನೀವು ತಿಳಿಯಬೇಡಿ, ಖುಷಿಯಾಯಿತು. ಖುಷಿ ಎರಡು ದಿನ. ಮೂರನೇ ದಿನದಿಂದ ಅಮ್ಮ ನನ್ನ ಕೈಗೆ ಪೊರಕೆ ಕೊಟ್ಟರು. ಬಾಗಿಲ ಸಂದಿಯಿಂದ ಬರುವ ಮರಳು ಬೆಳಿಗ್ಗೆ ಗುಡಿಸಿದರೆ ಮಧ್ಯಾಹ್ನ ಮತ್ತೆ ಅಷ್ಟೇ. ನೀರಿನ ಟ್ಯಾಂಕರ್ ಬಂದರೆ ಬಾಲ್ದಿ ಹಿಡಿದು ಓಡುವುದು, ಅಪ್ಪನ ಎಣ್ಣೆ ಮೆತ್ತಿದ ಬಟ್ಟೆ ಉಜ್ಜುವುದು. ಆ ಕಾಲ ನೆನೆಸಿದರೆ ನನಗೆ ಮೊದಲು ನೆನಪಾಗುವುದು ಯಾವ ಮುಖವೂ ಅಲ್ಲ, ಭುಜದ ನೋವು.

ಎರಡನೇ ವರ್ಷ ಅಕ್ಕನಿಗೆ ಮದುವೆ ನಿಶ್ಚಯವಾಯಿತು. ಹುಡುಗ ನಮ್ಮ ಕಡೆಯವನೇ, ಮೆಸಯೀದಿನ ಗೊಬ್ಬರದ ಕಾರ್ಖಾನೆಯಲ್ಲಿ ಕೆಲಸ. ಅವನಿಗೂ ಊರಿಗೆ ಹೋಗಲು ರಜೆ ಇಲ್ಲ, ಅಪ್ಪನಿಗೂ ಇಲ್ಲ. ಆದ್ದರಿಂದ ಮದುವೆ ಇಲ್ಲೇ. ಆಗ ದೋಹಾದಲ್ಲಿ ನೀವು ಹೋಗುವಂಥ ಇಗರ್ಜಿ ಇರಲಿಲ್ಲ. ಯಾರದೋ ಮನೆಯ ಹಾಲಿನಲ್ಲಿ ಪಾದ್ರಿಗಳು ಬಂದು ಪೂಜೆ ಮಾಡುತ್ತಿದ್ದರು. ಮದುವೆ ಅಲ್ಲಿ. ಅದರ ಹಿಂದಿನ ಸಂಜೆಯ ರೋಸ್ ಮಾತ್ರ ದುಖಾನಿನ ನಮ್ಮ ಕ್ವಾರ್ಟರ್ಸಿನಲ್ಲಿ.

ರೋಸ್ ಅಂದರೆ ನಿಮಗೆ ಗೊತ್ತುಂಟು, ಹಾಲ್ ಬುಕ್ ಮಾಡುವುದು, ಹಳದಿ ಬಟ್ಟೆ, ಫೋಟೋ. ನಮಗೆ ಅದು ತೆಂಗಿನಕಾಯಿ ಹಾಲು. ಮದುಮಗಳನ್ನು ಮಣೆಯ ಮೇಲೆ ಕೂರಿಸಿ, ತಲೆಗೆ ಎಣ್ಣೆ ಇಟ್ಟು, ಕಾಯಿಹಾಲು ಹೊಯ್ಯುವುದು. ಹೊಯ್ಯುವಾಗ ಹೆಂಗಸರು ವೊವಿಯೊ ಹೇಳಬೇಕು. ಅದು ಮೂರು ನಾಲ್ಕು ಸಾಲಿನ ಕೊಂಕಣಿ ಹಾಡು. ಪದ ಹೆಚ್ಚುಕಡಿಮೆ ಎಲ್ಲರದ್ದೂ ಒಂದೇ. ಆದರೆ ರಾಗ ಮನೆಮನೆಗೆ ಬೇರೆ. ನಮ್ಮ ಮನೆಯದು ಅಜ್ಜಿಯ ರಾಗ. ಅವರು ಹೇಳುವಾಗ ಗಂಡಸರು ಗುಮಟೆ ಬಾರಿಸುತ್ತಿದ್ದರು. ಗುಮಟೆ ಎಂದರೆ ಮಣ್ಣಿನ ಮಡಕೆಯ ಬಾಯಿಗೆ ಉಡದ ಚರ್ಮ ಬಿಗಿದ ವಾದ್ಯ. ಬಾರಿಸುವ ಮೊದಲು ಅದನ್ನು ಬೆಂಕಿಗೆ ಹಿಡಿದು ಕಾಯಿಸಬೇಕು. ಇಲ್ಲದಿದ್ದರೆ ಚರ್ಮ ಸಡಿಲವಾಗಿ ಸ್ವರ ಬರುವುದಿಲ್ಲ. ಊರಿನಲ್ಲಿ ಆ ಕೆಲಸ ನನ್ನದಾಗಿತ್ತು. ತೆಂಗಿನ ಗೆರಟೆಯ ಕೆಂಡದ ಮೇಲೆ ಗುಮಟೆಯನ್ನು ತಿರುಗಿಸಿ ತಿರುಗಿಸಿ ಕಾಯಿಸಿ, ಬೆರಳಿನಿಂದ ತಟ್ಟಿ ನೋಡಿ ಕೊಡುತ್ತಿದ್ದೆ. "ಇವಳ ಕೈಯಲ್ಲಿ ಕಾದರೆ ಸರಿ ಕಾಯ್ತದೆ" ಎಂದು ಅಜ್ಜಿ ನಾಲ್ಕು ಜನರ ಮುಂದೆ ಹೇಳಿದ್ದರು. ನನ್ನನ್ನು ಯಾರಾದರೂ ಹೊಗಳಿದ್ದು ಅದೊಂದಕ್ಕೇ ಇರಬೇಕು.

ಅಪ್ಪ ಬರುವಾಗ ಒಂದು ಗುಮಟೆ ತಂದಿದ್ದರು. ದುಖಾನಿನ ಒಣ ಗಾಳಿಗೆ ಅದರ ಚರ್ಮ ಗೋಡೆಯಲ್ಲಿ ತೂಗಿದಲ್ಲೇ ಸೀಳಿತು. ಅಲ್ಲಿ ಉಡದ ಚರ್ಮ ಎಲ್ಲಿಂದ ತರುವುದು? ಹಾಡಲಿಕ್ಕೂ ಜನ ಇರಲಿಲ್ಲ. ಅಮ್ಮನದ್ದು ದೊಡ್ಡ ಸ್ವರ, ಆದರೆ ರಾಗ ನಿಲ್ಲುವುದಿಲ್ಲ, ಅದನ್ನು ಅವರೇ ಹೇಳಿಕೊಳ್ಳುತ್ತಿದ್ದರು. ಪಕ್ಕದ ನರ್ಸಮ್ಮ ಕೇರಳದವರು. ಉಳಿದ ನಮ್ಮ ಕಡೆಯವರೆಲ್ಲ ಒಂಟಿ ಗಂಡಸರು, ವೊವಿಯೊ ಹೆಂಗಸರ ಕೆಲಸ ಎಂದು ಊರಿನಲ್ಲಿ ಕಿವಿಗೇ ಹಾಕಿಕೊಳ್ಳದವರು.

ಅಕ್ಕ ಒಂದು ದಿನ ಬಟ್ಟೆ ಹಿಂಡುತ್ತಾ ಅಪ್ಪನಿಗೆ ನೇರವಾಗಿ ಹೇಳಿದಳು: "ಚಿಕ್ಕಮ್ಮ ಇಲ್ಲ, ಮಾವ ಇಲ್ಲ, ಅಜ್ಜಿ ಇಲ್ಲ. ಅಜ್ಜಿಯ ರಾಗವೂ ಇಲ್ಲದಿದ್ದರೆ ಅದು ರೋಸ್ ಅಲ್ಲ, ತಲೆಗೆ ಸ್ನಾನ. ಅದನ್ನು ನಾನೇ ಬಚ್ಚಲಲ್ಲಿ ಮಾಡಿಕೊಳ್ಳುತ್ತೇನೆ." ಅಪ್ಪ ಊಟ ಬಿಟ್ಟು ಎದ್ದರು. ಹೋಗುವಾಗ ಬಾಗಿಲಲ್ಲಿ ನಿಂತು, "ರಾಗ ತರಿಸುತ್ತೇನೆ. ನನ್ನ ಮಾತು" ಎಂದರು. ಎಲ್ಲಿಂದ ತರಿಸುತ್ತೀರಿ ಎಂದು ಯಾರೂ ಕೇಳಲಿಲ್ಲ. ಅವರಿಗೇ ಗೊತ್ತಿರಲಿಲ್ಲ.

ಆಗ ಎಣ್ಣೆ ಬಾವಿ ಕೊರೆಯುವ ರಿಗ್ಗಿನಲ್ಲಿ ಒಬ್ಬರು ಕೆಲಸಕ್ಕಿದ್ದರು, ಟ್ರಿನಿಡಾಡ್ ಎಂಬ ದ್ವೀಪದವರು. ನಾನು ಅವರನ್ನು ಟ್ರಿನಿಡಾಡ್ ಮಾಮ ಎನ್ನುತ್ತಿದ್ದೆ. ಆರಡಿ ಎತ್ತರ, ನಗುವಾಗ ಭುಜ ಎರಡೂ ಕುಣಿಯುತ್ತಿದ್ದವು. ಅವರ ಊರಿನಲ್ಲೂ ಎಣ್ಣೆ ಬಾವಿ ಉಂಟಂತೆ. ಅಲ್ಲಿ ಜನ ಖಾಲಿ ಎಣ್ಣೆ ಡ್ರಮ್ಮಿನಿಂದ ವಾದ್ಯ ಮಾಡುತ್ತಾರಂತೆ. ಅಪ್ಪ ನಂಬಲಿಲ್ಲ. "ಡ್ರಮ್ಮು ಬಡಿದರೆ ತಲೆನೋವು ಬರ್ತದೆ ಮಾರಾಯ್ರೆ, ರಾಗ ಬರುವುದಿಲ್ಲ" ಎಂದರು. ಟ್ರಿನಿಡಾಡ್ ಮಾಮ ವಾದ ಮಾಡಲಿಲ್ಲ. ಮರುದಿನ ವರ್ಕ್‌ಶಾಪಿನ ಹಿಂದಿನಿಂದ ಒಂದು ತುಕ್ಕು ಹಿಡಿಯದ ಡ್ರಮ್ಮು ಉರುಳಿಸಿಕೊಂಡು ನಮ್ಮ ಅಂಗಳಕ್ಕೆ ಬಂದರು.

ಒಂದೂವರೆ ತಿಂಗಳು ನಮ್ಮ ಅಂಗಳದಲ್ಲಿ ಆ ಸದ್ದು. ಮೊದಲು ಡ್ರಮ್ಮಿನ ತಳವನ್ನು ದೊಡ್ಡ ಸುತ್ತಿಗೆಯಿಂದ ಬಡಿದು ಬಡಿದು ಬಾಣಲೆಯ ಹಾಗೆ ಒಳಕ್ಕೆ ಇಳಿಸಿದರು. ಸುಣ್ಣದ ಕಡ್ಡಿಯಿಂದ ಏಳು ಹಲಸಿನ ಎಲೆಯ ಹಾಗೆ ಗುರುತು ಹಾಕಿ, ಉಳಿಯಿಂದ ಸುತ್ತಲೂ ಗೆರೆ ಕೊರೆದರು. ಕೆಳಗಿನ ಉದ್ದವನ್ನು ಗರಗಸದಿಂದ ಕತ್ತರಿಸಿ ಬಿಸಾಡಿದರು. ಆಮೇಲೆ ಹಳೆಯ ಟಯರು ಉರಿಸಿ, ಡ್ರಮ್ಮನ್ನು ಅದರ ಮೇಲೆ ಮಗುಚಿ ಕಾಯಿಸಿದರು. ಕರಿ ಹೊಗೆ, ರಬ್ಬರಿನ ನಾತ, ಅಮ್ಮನ ಬೈಗುಳ. ಇದೆಲ್ಲ ಆದ ಮೇಲೆ ಸಣ್ಣ ಸುತ್ತಿಗೆ ತೆಗೆದುಕೊಂಡು ಒಂದೊಂದೇ ಗುರುತನ್ನು ಮೇಲಿನಿಂದ ತಟ್ಟಿ, ಕೆಳಗಿನಿಂದ ತಟ್ಟಿ ಸ್ವರ ಕೂರಿಸಿದರು.

ಅವರಿಗೆ ರಾಗ ಹೇಳಿಕೊಟ್ಟದ್ದು ನಾನು. ಅಪ್ಪ ಹೇಳಿದರೆ ಎಲ್ಲ ಮೂಗಿನಲ್ಲಿ ಬರುತ್ತಿತ್ತು. ನಾನು ಎಂಟು ವರ್ಷ ಅಜ್ಜಿಯ ಪಕ್ಕ ಮಲಗಿದವಳು, ರಾಗ ನನ್ನಲ್ಲಿ ಇತ್ತು. ಟ್ರಿನಿಡಾಡ್ ಮಾಮ ಡ್ರಮ್ಮಿನ ಮುಂದೆ ಕುಕ್ಕರಗಾಲಲ್ಲಿ ಕೂತು, "ಯಲ್ಲಾ, ಸಿಂಗ್!" ಎನ್ನುತ್ತಿದ್ದರು, ಅಂದರೆ ನಡಿ, ಹಾಡು. ನಾನು ಹಾಡುವುದು, ಅವರು ತಟ್ಟುವುದು, ತಲೆ ಅಲ್ಲಾಡಿಸುವುದು, ಮತ್ತೆ "ಯಲ್ಲಾ". ಮೂರನೇ ಸಾಲಿನಲ್ಲಿ ಅಜ್ಜಿಯ ರಾಗ ಮೆಟ್ಟಿಲು ಹತ್ತಿದ ಹಾಗೆ ಮೇಲೆ ಹೋಗುತ್ತಿತ್ತು. ಆ ಜಾಗಕ್ಕೆ ಅವರಿಗೆ ನಾಲ್ಕು ದಿನ ಹಿಡಿಯಿತು. ಸಿಕ್ಕಿದ ದಿನ ಸುತ್ತಿಗೆ ಬಿಸಾಡಿ ನನ್ನನ್ನು ಎತ್ತಿ ಡ್ರಮ್ಮಿನಷ್ಟೇ ಸಲೀಸಾಗಿ ತಿರುಗಿಸಿದರು.

ಅವರು ಕೆಲಸದ ನಡುವೆ ಅಪ್ಪನಿಗೆ ಏನೇನೋ ಹೇಳುತ್ತಿದ್ದರು, ಅಪ್ಪ ತಿಳಿದಷ್ಟನ್ನು ನಮಗೆ ಹೇಳುತ್ತಿದ್ದರು. ಅವರ ಹಿರಿಯರನ್ನು ಬಹಳ ಹಿಂದೆ ಬೇರೆ ದೇಶದಿಂದ ಕಟ್ಟಿ ತಂದು ಕಬ್ಬಿನ ಗದ್ದೆಗೆ ಹಾಕಿದ್ದರಂತೆ. ಚರ್ಮದ ವಾದ್ಯ ಬಾರಿಸಬಾರದು ಎಂದು ಆಳುವವರು ಹುಕುಂ ಮಾಡಿದರಂತೆ. ಜನ ಬಿದಿರು ಬಡಿದರು, ಆಮೇಲೆ ಡಬ್ಬ ಬಡಿದರು, ಕೊನೆಗೆ ಎಣ್ಣೆ ಡ್ರಮ್ಮು. "ಬಿಡಲಿಲ್ಲ ನೋಡು" ಎಂದರು ಅಪ್ಪ. ನಮ್ಮ ಹಿರಿಯರಿಗೂ ಗೋವೆಯಲ್ಲಿ ಗುಮಟೆ ಬಾರಿಸಬಾರದು ಎಂದು ಆಳುವವರ ಅಪ್ಪಣೆ ಇತ್ತಂತೆ, ಓಡಿ ಬರುವಾಗ ಮಡಕೆ ಹೊತ್ತುಕೊಂಡೇ ಬಂದರಂತೆ. ಅಪ್ಪ ಇದನ್ನು ಟ್ರಿನಿಡಾಡ್ ಮಾಮನಿಗೆ ಹೇಗೋ ಹೇಳಿದರು. ಇಬ್ಬರೂ ಸ್ವಲ್ಪ ಹೊತ್ತು ಬೀಡಿ ಸೇದಿದರು. ಆಮೇಲೆ ಕೆಲಸ.

ಡ್ರಮ್ಮು ಮುಗಿದು ಅಪ್ಪನಿಗೆ ಬಾರಿಸುವ ಕೈ ಬಂದ ಮೇಲೆ, ಮದುವೆಗೆ ಹತ್ತು ದಿನ ಇರುವಾಗ, ಟ್ರಿನಿಡಾಡ್ ಮಾಮನ ಕೆಲಸದ ಅವಧಿ ಮುಗಿಯಿತು. ಇನ್ನೊಂದು ದೇಶದ ರಿಗ್ಗಿಗೆ ಹೋದರು. ಡ್ರಮ್ಮಿಗೆ ಏನಾದರೂ ಆದರೆ ಸರಿ ಮಾಡುವವರು ಇಡೀ ಕತಾರಿನಲ್ಲಿ ಯಾರೂ ಇಲ್ಲ. ಇದು ನನಗೂ ಗೊತ್ತಿತ್ತು.

ರೋಸಿನ ದಿನ ಅಪ್ಪನಿಗೆ ಬೆಳಗಿನ ಪಾಳಿ. "ಮೂರು ಗಂಟೆಗೆ ಬರುತ್ತೇನೆ, ಎಲ್ಲ ತಯಾರಿರಲಿ" ಎಂದು ಹೋದರು. ಎಲ್ಲ ಎಂದರೆ ಎಷ್ಟು ಎಂದು ಗಂಡಸರಿಗೆ ಗೊತ್ತಿರುವುದಿಲ್ಲ. ದೋಹಾದಿಂದ ಡ್ರೈವರ್ ಕಾಕ ಒಂದು ಗೋಣಿ ತೆಂಗಿನಕಾಯಿ ತಂದು ಹಾಕಿದ್ದರು. ಅವರು ಮಂಗಳೂರು ಕಡೆಯ ಬ್ಯಾರಿಗಳು, ಕಂಪನಿಯ ಪಿಕಪ್ ಓಡಿಸುತ್ತಿದ್ದರು. ನಮ್ಮ ಮನೆಯ ಯಾವ ಕೆಲಸಕ್ಕೂ ಕರೆಯದೆ ಬರುವವರು. ಅಕ್ಕ ಮದುಮಗಳು, ಕೆಲಸ ಮಾಡುವ ಹಾಗಿಲ್ಲ. ಕಾಯಿ ಒಡೆಯುವುದು ಅಮ್ಮ, ಹೆರೆಯುವುದು ನಾನು. ಹೆರೆಮಣೆಯ ಮೇಲೆ ಕೂತು ಹದಿನಾರು ಕಾಯಿ ಹೆರೆದೆ. ಬೆರಳು ಎರಡು ಕಡೆ ಕುಯ್ದು ಕಾಯಿತುರಿಯಲ್ಲಿ ರಕ್ತದ ಗೆರೆ ಆಯಿತು. ಅಮ್ಮ ಆ ಭಾಗ ತೆಗೆದು ಸಾರಿಗೆ ಹಾಕಿದರು, ಬಿಸಾಡಲಿಲ್ಲ.

ಗಂಟೆ ಒಂದೂವರೆ ಆಗಿರಬಹುದು. ಅಂಗಳದಲ್ಲಿ ಮಾಂಸದ ಅಂಡೆಗೆಂದು ಮೂರು ಕಲ್ಲಿಟ್ಟು, ಕಂಪನಿಯ ಪೆಟ್ಟಿಗೆಯ ಹಲಗೆ ಮುರಿದು ಬೆಂಕಿ ಹಾಕಿದ್ದೆವು. ಅಂಡೆ ಇಡಲು ಇನ್ನೂ ಹೊತ್ತಿತ್ತು. ಡ್ರಮ್ಮು ಮೋಟು ಗೋಡೆಯ ಹತ್ತಿರ ಹಗ್ಗದಲ್ಲಿ ತೂಗುತ್ತಿತ್ತು. ನೋಡಿದೆ. ಎಲ್ಲ ತಯಾರಿರಲಿ ಎಂದಿದ್ದರಲ್ಲ ಅಪ್ಪ. ವಾದ್ಯ ಕಾಯಿಸಿದ್ದೇವಾ? ಇಲ್ಲ. ಅಮ್ಮನಿಗೆ ನೆನಪಿಲ್ಲ, ಅಕ್ಕನಿಗೆ ನೆನಪಿಲ್ಲ, ನನಗೆ ಒಬ್ಬಳಿಗೆ ನೆನಪಾಯಿತು ಎಂದು ಎದೆ ಉಬ್ಬಿತು. ಟ್ರಿನಿಡಾಡ್ ಮಾಮನೂ ಅದನ್ನು ಬೆಂಕಿಯ ಮೇಲೆ ಮಗುಚಿದ್ದನ್ನು ನನ್ನ ಕಣ್ಣಾರೆ ಕಂಡಿದ್ದೆ. ಅವರು ಕಾಯಿಸಿದ್ದು ಸ್ವರ ಕೂರಿಸುವ ಮೊದಲು ಎಂಬುದು ನನ್ನ ತಲೆಗೆ ಹೋಗಲಿಲ್ಲ. ಬೆಂಕಿ ಬೆಂಕಿಯೇ ಎಂದು ತಿಳಿದೆ.

ಡ್ರಮ್ಮನ್ನು ಇಳಿಸಿ, ಎಳೆದು, ಮೂರು ಕಲ್ಲಿನ ಮೇಲೆ ಮಗುಚಿ ಇಟ್ಟೆ. ಗುಮಟೆಯಾದರೆ ನೂರು ಎಣಿಸುವಷ್ಟರಲ್ಲಿ ಕಾಯುತ್ತದೆ. ಇದು ಕಬ್ಬಿಣ, ಜಾಸ್ತಿ ಹೊತ್ತು ಬೇಕು ಎಂದು ಇನ್ನೆರಡು ಹಲಗೆ ತುರುಕಿದೆ. ಅಷ್ಟರಲ್ಲಿ ಅಮ್ಮ ಒಳಗಿನಿಂದ, "ಎಲ್ಲಿ ಸತ್ತೆಯಾ? ತುರಿ ಹಿಂಡಲಿಕ್ಕೆ ಬಾ!" ಎಂದು ಬೊಬ್ಬೆ ಹಾಕಿದರು. ಹೋದೆ. ಬಟ್ಟೆಯಲ್ಲಿ ಕಾಯಿತುರಿ ಕಟ್ಟಿ ಹಿಂಡುತ್ತಾ ಹಿಂಡುತ್ತಾ ಕೈ ಜೋಮು ಹಿಡಿಯಿತು, ಕಣ್ಣು ಎಳೆಯಿತು. ಕೂತಲ್ಲೇ ತೂಕಡಿಸಿದೆ. ಎಷ್ಟು ಹೊತ್ತು ಗೊತ್ತಿಲ್ಲ.

ಎಚ್ಚರಾಗಿ ಓಡಿದಾಗ ಡ್ರಮ್ಮಿನ ಸುಣ್ಣದ ಗುರುತು ಸುಟ್ಟು ಹೋಗಿತ್ತು. ಒದ್ದೆ ಗೋಣಿ ಹಿಡಿದು ಎಳೆದು ಹಾಕಿದೆ. ಮರಳಿನ ಮೇಲೆ ಬಿದ್ದು ಅದು ಟಕ್ ಟಕ್ ಎಂದು ತನ್ನಷ್ಟಕ್ಕೇ ಸದ್ದು ಮಾಡಿತು. ತಣಿದ ಮೇಲೆ ನೋಡಿದರೆ ನಡುವೆ ಕಂದು, ಅಂಚಿಗೆ ನೇರಳೆ, ಆಮೇಲೆ ನವಿಲಿನ ಕುತ್ತಿಗೆಯ ನೀಲಿ. ಚಂದ ಇತ್ತು, ಅದೇ ದೊಡ್ಡ ಹೆದರಿಕೆ. ಕೋಲಿನಿಂದ ಮೆಲ್ಲಗೆ ತಟ್ಟಿದೆ. ಒಂದು ಸ್ವರ ಸರಿ ಬಂತು. ಪಕ್ಕದ್ದು ಅನ್ನದ ಬಟ್ಟಲು ಬಿದ್ದ ಹಾಗೆ ಬಂತು. ನಾನು ಮತ್ತೆ ತಟ್ಟಲಿಲ್ಲ. ತೆಂಗಿನ ನಾರು, ಬೂದಿ ಹಾಕಿ ಕೈ ನೋಯುವಷ್ಟು ತಿಕ್ಕಿದೆ. ಮಸಿ ಹೋಯಿತು, ಬಣ್ಣ ಹೋಗಲಿಲ್ಲ. ಸುಣ್ಣದಿಂದ ಗುರುತು ಮತ್ತೆ ಎಳೆದು ಹಗ್ಗಕ್ಕೆ ತೂಗು ಹಾಕಿದೆ. ಬಾಯಿ ಮುಚ್ಚಿಕೊಂಡೆ.

ಅಪ್ಪ ಬಂದರು, ಸ್ನಾನ ಮಾಡಿದರು, ಬಿಳಿ ಅಂಗಿ ಹಾಕಿದರು. ಬಿಸಿಲು ಇಳಿಯುತ್ತಿತ್ತು. ನಮ್ಮ ಕಡೆಯ ಗಂಡಸರು ಹದಿನೈದಿಪ್ಪತ್ತು ಜನ, ಎಲ್ಲರೂ ಪಾಳಿ ಮುಗಿಸಿ ಬಂದು ಸುಸ್ತಾದವರು, ಗೋಡೆಗೆ ಒರಗಿ ಕೂತರು. ಕೆಲವರು ಚಾ ಲೋಟ ಹಿಡಿದೇ ಕಣ್ಣು ಮುಚ್ಚಿದ್ದರು. ಡ್ರೈವರ್ ಕಾಕ ಒಂದು ಇಡೀ ಎಣ್ಣೆ ಡ್ರಮ್ಮು ತಂದು ಕಾಲುಗಳ ನಡುವೆ ಇಟ್ಟುಕೊಂಡರು, ತಾಳಕ್ಕೆ. ಅಕ್ಕ ಹಳೆಯ ಸೀರೆ ಉಟ್ಟು ಮಣೆಯ ಮೇಲೆ ಕೂತಳು. ನರ್ಸಮ್ಮ ಕಾಯಿಹಾಲಿನ ಪಾತ್ರೆ ಹಿಡಿದು ನಿಂತರು. ಅಕ್ಕ ಅಪ್ಪನನ್ನೇ ನೋಡುತ್ತಿದ್ದಳು. ಆ ನೋಟದಲ್ಲಿ ಮಾತು ಕೊಟ್ಟಿದ್ದೀರಲ್ಲ ಎಂಬುದು ಬಿಟ್ಟರೆ ಬೇರೇನೂ ಇರಲಿಲ್ಲ.

ಅಪ್ಪ ಟಯರ್ ಟ್ಯೂಬು ಸುತ್ತಿದ ಕೋಲು ಎತ್ತಿದರು. ಮೊದಲ ಸ್ವರ ಸರಿ. ಎರಡನೆಯದು ಜೋತು ಬಿತ್ತು. ಮೂರನೆಯದು ಎಲ್ಲಿಂದಲೋ ಬಂತು. ಅಪ್ಪ ನಿಲ್ಲಿಸಿದರು, ಮತ್ತೆ ಮೊದಲಿನಿಂದ ಶುರು ಮಾಡಿದರು. ಮತ್ತೆ ಹಾಗೆಯೇ.

"ಎಂತ ಫಿಟ್ಟರ್ರೇ, ತಗಡಿಗೆ ಶೀತ ಆಗಿದೆಯಾ?" ಎಂದರು ಡ್ರೈವರ್ ಕಾಕ. ಗೋಡೆಗೆ ಒರಗಿದವರೆಲ್ಲ ನಕ್ಕರು.

ಅಪ್ಪ ನಗಲಿಲ್ಲ. ಡ್ರಮ್ಮನ್ನು ಬೆಳಕಿಗೆ ತಿರುಗಿಸಿ ಅಂಚಿನ ನೀಲಿಯ ಮೇಲೆ ಹೆಬ್ಬೆರಳು ಎಳೆದರು. ದಿನವಿಡೀ ಕಬ್ಬಿಣ ಕಾಯಿಸುವವರಿಗೆ ಆ ಬಣ್ಣ ಏನೆಂದು ಹೇಳಿಕೊಡಬೇಕಾ? "ಇದನ್ನು ಬೆಂಕಿಗೆ ಇಟ್ಟದ್ದು ಯಾರು?" ಎಂದರು.

"ಬೆಂಕಿಗಾ? ಯಾರು ಇಡ್ತಾರೆ? ಬಿಸಿಲಿಗೆ ಆಗಿರಬೇಕು" ಎಂದರು ಅಮ್ಮ.

"ಬಿಸಿಲಿಗೆ ಈ ಬಣ್ಣ ಬರುವುದಿಲ್ಲ."

ಸುಳ್ಳು ಹೇಳಬಹುದಿತ್ತು. ಅಮ್ಮ ದಾರಿ ಮಾಡಿ ಕೊಟ್ಟಿದ್ದರು. ಆದರೆ ಅಪ್ಪ ಸುತ್ತಲೂ ಒಬ್ಬೊಬ್ಬರ ಮುಖ ನೋಡುತ್ತಾ ಬರುತ್ತಿದ್ದರು, ನನ್ನ ಸರದಿ ಬರುವವರೆಗೆ ಕಾಯುವ ಧೈರ್ಯ ನನಗಿರಲಿಲ್ಲ. "ನಾನು" ಎಂದೆ. "ಗುಮಟೆ ಕಾಯಿಸುವ ಹಾಗೆ ಕಾಯಿಸಿದೆ."

ಆಮೇಲೆ ಡ್ರೈವರ್ ಕಾಕ ತೊಡೆ ತಟ್ಟಿಕೊಂಡು ನಕ್ಕರು. "ಅದರಲ್ಲಿ ಚರ್ಮ ಎಲ್ಲುಂಟು ಮಾರಾಯ್ತಿ! ಕಾಯಿಸಿ ಕಾಯಿಸಿ ಪೆಟ್ರೋಲು ಬರ್ತದಾ ಅಂತ ನೋಡಿದೆಯಾ?" ಉಳಿದವರೂ ನಕ್ಕರು. ಅವರ ನಗುವಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ನಮ್ಮ ಊರಿನ ಯಾವ ಮನೆಯ ಹುಡುಗಿಯಾದರೂ ಅದನ್ನೇ ಮಾಡುತ್ತಿದ್ದಳು, ಅದು ಅವರಿಗೆ ಗೊತ್ತಿತ್ತು. ಆದರೆ ಅಕ್ಕ ನಗಲಿಲ್ಲ. ಅಪ್ಪ ಕೋಲನ್ನು ಗೋಡೆಯ ಮೇಲೆ ಇಟ್ಟು ನನ್ನ ಹತ್ತಿರ ಬಂದರು. ಹೊಡೆಯುತ್ತಾರೆ ಎಂದು ಕಣ್ಣು ಮುಚ್ಚಿದೆ.

"ರಾಗ ನಿನ್ನ ಬಾಯಲ್ಲಿ ಉಂಟಲ್ಲ" ಎಂದರು. "ಡ್ರಮ್ಮು ಹೋದರೆ ಹೋಗಲಿ. ನೀನು ಹೇಳು ಮಗಾ. ನೀನು ಒಂದು ಸಾಲು ಹೇಳಿದರೆ ನಾವು ಹಿಂದಿನಿಂದ ಹೇಳುತ್ತೇವೆ."

ನಾನು ಹೇಳಲಿಲ್ಲ. ಯಾಕೆ ಎಂದು ನನ್ನನ್ನು ಕೇಳಬೇಡಿ, ಐವತ್ತು ವರ್ಷದಿಂದ ನಾನೇ ಕೇಳಿಕೊಂಡಿದ್ದೇನೆ. ರಾಗ ಇತ್ತು, ಗಂಟಲಿನವರೆಗೆ ಬಂದಿತ್ತು. ಇಪ್ಪತ್ತು ಗಂಡಸರು ನಗುವುದನ್ನು ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದರು. ನಾನು ನೆಲ ನೋಡಿದೆ. ಅಪ್ಪ "ಹೇಳು" ಎಂದರು. ಇನ್ನೊಮ್ಮೆ "ಹೇಳು ಮಗಾ" ಎಂದರು. ಮೂರನೇ ಸಲ ಹೇಳಲಿಲ್ಲ. ಅವರಿಗೂ ಬೆಳಿಗ್ಗೆ ನಾಲ್ಕಕ್ಕೆ ಎದ್ದ ಆಯಾಸ ಇತ್ತು.

ಮಣೆಯ ಮೇಲಿನಿಂದ ಅಕ್ಕ ಹೇಳಿದಳು: "ಬಾರಿಸಿ ಅಪ್ಪ, ಹೇಗಿದೆಯೋ ಹಾಗೆ. ಹಾಲು ಹುಳಿ ಆಗ್ತದೆ."

ಸೆಕೆಗೆ ಕಾಯಿಹಾಲು ನಿಜವಾಗಿಯೂ ವಾಸನೆ ತಿರುಗಲು ಶುರುವಾಗಿತ್ತು. ಅಪ್ಪ ಡ್ರಮ್ಮಿನ ಮುಂದೆ ನಿಂತು ಒಂದೊಂದೇ ಸ್ವರ ತಟ್ಟಿ ನೋಡಿದರು. ನಾಲ್ಕು ಉಳಿದಿದ್ದವು, ಮೂರು ಹಾಳಾಗಿದ್ದವು. ಹಾಳಾದದ್ದನ್ನು ಬಿಟ್ಟರೆ ರಾಗವೇ ಇಲ್ಲ. ಅದಕ್ಕೆ ಅವನ್ನೂ ಸೇರಿಸಿಕೊಂಡೇ ಬಾರಿಸಿದರು. ಡ್ರೈವರ್ ಕಾಕ ತಮ್ಮ ಮನೆಯ ದಫ್ ತಟ್ಟುವ ಹಾಗೆ ಅಂಗೈಯಿಂದ ತಾಳ ಹಾಕಿದರು. ಗಂಡಸರು ಹಾಡುತ್ತಾ ಡ್ರಮ್ಮು ಹೋದಲ್ಲಿಗೆ ಹೋದರು. ಅವರಿಗೆ ಬೇರೆ ರಾಗ ಗೊತ್ತಿಲ್ಲ, ಇದೇ ಫಿಟ್ಟರ್ ಮನೆಯ ರಾಗ ಎಂದು ತಿಳಿದರು. ಮೂರನೇ ಸಾಲಿನಲ್ಲಿ ಅಜ್ಜಿ ಹತ್ತುತ್ತಿದ್ದ ಮೆಟ್ಟಿಲಿನ ಜಾಗದಲ್ಲಿ ಅವರೆಲ್ಲ ಧೊಪ್ಪೆಂದು ಕೆಳಗೆ ಇಳಿದರು. ಅವರಿಗೆ ಅದು ಕೇಳಿಸಲಿಲ್ಲ, ನನಗೆ ಕೇಳಿಸಿತು. ಅಕ್ಕನ ತಲೆಯಿಂದ ಬಿಳಿ ಹಾಲು ಹುಬ್ಬಿನ ಮೇಲೆ, ಗಲ್ಲದ ಮೇಲೆ ಇಳಿಯುತ್ತಿತ್ತು. ಅವಳು ಅಳುತ್ತಿದ್ದಳೋ ಇಲ್ಲವೋ ಹಾಲಿನಲ್ಲಿ ಗೊತ್ತಾಗಲಿಲ್ಲ. ನಾನು ಅವಳನ್ನು ಕೇಳಲಿಲ್ಲ, ಅವಳು ಸಾಯುವವರೆಗೂ ಕೇಳಲಿಲ್ಲ.

ಊಟ ಆದ ಮೇಲೆ ಅಪ್ಪ ಮೆಟ್ಟಿಲ ಮೇಲೆ ಕೂತಿದ್ದರು. ನಾನು ಪಾತ್ರೆ ತೊಳೆಯುತ್ತಿದ್ದೆ. ಬೈಯಲಿಲ್ಲ. ಬೈದಿದ್ದರೆ ನನಗೆ ಸುಲಭ ಆಗುತ್ತಿತ್ತು. "ಕಬ್ಬಿಣ ಹಾಗೆಯೇ" ಎಂದರು, ನನಗೋ ತಮಗೋ. "ಬಡಿದು ಬಡಿದು ಅದಕ್ಕೆ ಕಲಿಸುತ್ತೇವೆ. ಮತ್ತೆ ಕಾಯಿಸಿದರೆ ಕಲಿತದ್ದನ್ನು ಮರೆಯುತ್ತದೆ. ನಿನಗೆ ಯಾರು ಹೇಳಿದ್ದಾರೆ? ಯಾರೂ ಹೇಳಿಲ್ಲ." ಮರುದಿನ ಬೆಳಿಗ್ಗೆ ಪಿಕಪ್ಪಿನಲ್ಲಿ ಕೂತು ದೋಹಾಕ್ಕೆ ಹೋದೆವು. ಅಕ್ಕನ ಮದುವೆಯಾಯಿತು.

ಆಮೇಲೆ ಏನಾಯಿತು ಎಂದರೆ, ಆ ಇಳಿಯುವ ರಾಗವೇ ನೆಲೆ ನಿಂತುಬಿಟ್ಟಿತು. ಮುಂದಿನ ವರ್ಷ ನಮ್ಮ ಕಡೆಯ ಇನ್ನೊಂದು ಹುಡುಗಿಯ ರೋಸ್ ಆಯಿತು, ಅಪ್ಪನನ್ನು ಡ್ರಮ್ಮಿನ ಸಮೇತ ಕರೆದರು. ಮತ್ತೊಂದು ಮೆಸಯೀದಿನಲ್ಲಿ. ಮತ್ತೊಂದು ದೋಹಾದಲ್ಲಿ. ಹೆಂಡತಿಯರು ಬಂದರು, ಅವರು ಗಂಡಂದಿರಿಂದ ಕಲಿತರು. ಒಂದು ಸಲ ನಾನು ಧೈರ್ಯ ಮಾಡಿ ಒಂದು ಮನೆಯಲ್ಲಿ ಅಜ್ಜಿಯ ಸರಿಯಾದ ರಾಗ ಹೇಳಿದೆ. ಮೂರನೇ ಸಾಲಿಗೆ ನಾನು ಒಬ್ಬಳೇ ಮೇಲೆ, ಉಳಿದವರೆಲ್ಲ ಕೆಳಗೆ. ಡ್ರೈವರ್ ಕಾಕ ತಾಳ ನಿಲ್ಲಿಸಿ, "ತಪ್ಪಾಯ್ತು ಮಗಾ, ಅಲ್ಲಿ ಇಳಿಯಬೇಕು" ಎಂದು ನನಗೇ ಹೇಳಿಕೊಟ್ಟರು. ಎಲ್ಲರೂ ಹೌದು ಹೌದು ಎಂದರು. ನಾನು ಇಳಿದೆ. ಆಮೇಲೆ ಯಾವತ್ತೂ ಹತ್ತಲಿಲ್ಲ.

ಈಗ ನಿಮ್ಮ ವಿಷಯ. ನಾವು ದೋಹಾದ ಅಲ್ ಮುಂತಜಾದ ಈ ಹಳೆಯ ಬಿಲ್ಡಿಂಗಿನಲ್ಲಿ ನಾಲ್ಕನೇ ಮಾಳಿಗೆಯಲ್ಲಿದ್ದೇವೆ. ನೀವು ಮರಳು ಗುಡಿಸುವುದಿಲ್ಲ, ಒಳ್ಳೆಯದು, ಭುಜ ಉಳಿಯುತ್ತದೆ. ನಿಮ್ಮ ಶಾಲೆಯ ಸಂಗೀತದ ಕೋಣೆಯಲ್ಲಿ ಸ್ಟೀಲ್ ಡ್ರಮ್ಮು ಸಾಲಾಗಿ ನಿಲ್ಲಿಸಿದ್ದಾರೆ, ಕನ್ನಡಿಯ ಹಾಗೆ ಹೊಳೆಯುತ್ತವೆ. ಯಾರೂ ಅವನ್ನು ಎಣ್ಣೆ ಡ್ರಮ್ಮಿನಿಂದ ಬಡಿದದ್ದಲ್ಲ, ಪೆಟ್ಟಿಗೆಯಲ್ಲಿ ಬಂದದ್ದು. ಸ್ವರ ಸರಿ ಉಂಟಾ ಎಂದು ಮೊಬೈಲು ಹೇಳುತ್ತದೆ, ಸರಿ ಇದ್ದರೆ ಹಸಿರು, ತಪ್ಪಾದರೆ ಕೆಂಪು. ನಮಗೆ ಹಾಗೆ ಹೇಳಲಿಕ್ಕೆ ಒಬ್ಬರೇ ಇದ್ದರು, ಅವರು ವಿಮಾನ ಹತ್ತಿದರು. ನಿಮ್ಮ ಮೊಬೈಲಿನಲ್ಲಿ ಸಾವಿರ ಹಾಡು ಉಂಟು, ಬಾಯಲ್ಲಿ ಒಂದೂ ಇಲ್ಲ. ನಮ್ಮ ಬಾಯಲ್ಲಿ ಒಂದಿತ್ತು, ಅದನ್ನೂ ಸರಿಯಾಗಿ ಇಟ್ಟುಕೊಳ್ಳಲಿಲ್ಲ. ಯಾರೂ ಯಾರಿಗಿಂತ ದೊಡ್ಡವರಲ್ಲ.

ಅಕ್ಕನ ಮೊಮ್ಮಗಳ ರೋಸ್ ಬರುತ್ತಿದೆ ಎಂದು ನೀವು ಹೋದ ವಾರ ನನ್ನ ಮುಂದೆ ಮೊಬೈಲು ಹಿಡಿದಿರಿ. "ಅಜ್ಜಿ, ನಮ್ಮ ಫ್ಯಾಮಿಲಿಯ ವೊವಿಯೊ ಹೇಳಿ, ರೆಕಾರ್ಡ್ ಮಾಡ್ತೇವೆ, ಡ್ರಮ್ಮಿನಲ್ಲಿ ಬಾರಿಸ್ತೇವೆ" ಎಂದಿರಿ. ಹೇಳಿದೆ. ಮೂರನೇ ಸಾಲಿಗೆ ಮೊಬೈಲಿನಲ್ಲಿ ಕೆಂಪು ಬಂತು. "ಅಜ್ಜಿ, ಇಲ್ಲಿ ಫ್ಲಾಟ್ ಆಗ್ತದೆ, ಇದನ್ನು ಮೇಲೆ ಮಾಡುವಾ" ಎಂದಿರಿ. ನನ್ನ ಸ್ವರಕ್ಕೆ ವಯಸ್ಸಾಯಿತು ಎಂದು ನೀವು ತಿಳಿದಿರಿ. ಆಮೇಲೆ ನೀವು ಶಾಲೆಗೆ ಹೋದ ಮೇಲೆ ಬಾಗಿಲು ಹಾಕಿಕೊಂಡು ನನ್ನ ಅಜ್ಜಿಯ ಸರಿಯಾದ ರಾಗ ಹುಡುಕಿದೆ. ಮೂರು ದಿನ ಹುಡುಕಿದೆ. ಅಜ್ಜಿಯ ಸೀರೆಯ ವಾಸನೆ ನೆನಪಾಯಿತು, ಮೆಟ್ಟಿಲು ಹತ್ತಿದ ಹಾಗೆ ಇತ್ತು ಎಂಬುದು ನೆನಪಾಯಿತು, ಮೆಟ್ಟಿಲು ಮಾತ್ರ ಸಿಗಲಿಲ್ಲ. ಬಾಯಿ ತೆರೆದರೆ ಇಳಿಯುವುದೇ ಬರುತ್ತದೆ. ಅದು ನನ್ನಲ್ಲಿ ಇತ್ತು ಎಂದು ಬಲ್ಲವರು ಯಾರೂ ಈಗ ಇಲ್ಲ.

ಹಾಗಾಗಿ ಮಕ್ಕಳೇ, ಸರಿಯಾದದ್ದು ಕೊಡಿ ಎಂದು ನನ್ನನ್ನು ಕೇಳಬೇಡಿ, ನನ್ನಲ್ಲಿ ಮಾಫಿ, ಇಲ್ಲವೇ ಇಲ್ಲ. ಇರುವುದು ಇದು, ತೆಗೆದುಕೊಳ್ಳಿ. ಮೂರನೇ ಸಾಲಿನಲ್ಲಿ ಮೇಲೆ ಮಾಡಬೇಕು ಅನ್ನಿಸಿದರೆ ಮಾಡಿ, ನಾನು ಜಗಳಕ್ಕೆ ಬರುವುದಿಲ್ಲ, ಅಷ್ಟು ಶಕ್ತಿ ಇಲ್ಲ. ಆದರೆ ಅದು ಅಲ್ಲಿ ಯಾಕೆ ಬೀಳುತ್ತದೆ ಎಂದು ತಿಳಿದುಕೊಂಡು ಎತ್ತಿ.